ಟ್ಯಾಬ್‌ನಿಂದ ಟ್ಯಾಬ್‌ಗೆ ಸುದ್ದಿ ಮುಟ್ಟಿಸೋದು ಹೇಗೆ?

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದಕ್ಕೆ ಬಿಲ್ಲಿಂಗ್ ಪುಟ ಮಾಡಿಕೊಟ್ಟಿದ್ದೇನೆ. ಗುಮಾಸ್ತರು ಬ್ರೌಸರ್‌ನ ಒಂದು ಟ್ಯಾಬ್‌ನಲ್ಲಿ ಲಾಟ್ (ಮಾರಾಟಕ್ಕೆ ಬಂದ ಮೆಣಸಿನಕಾಯಿ ರಾಶಿ), ಇನ್ನೊಂದರಲ್ಲಿ ಬಿಲ್, ಮತ್ತೊಂದರಲ್ಲಿ ರೈತರ ಖಾತೆ ತೆರೆದಿಟ್ಟಿರುತ್ತಾರೆ. ಲಾಟ್‌ನಲ್ಲಿ ದರ ತಿದ್ದಿದ ಕೂಡಲೇ ಬಿಲ್‌ನಲ್ಲೂ ಬದಲಾಗಬೇಕು, ಅಲ್ವಾ? ಅದಕ್ಕೆ ಮೂರೂ ಟ್ಯಾಬ್‌ಗಳು ಸುಮ್ನೆ ಸರ್ವರ್ ಬಾಗಿಲು ಬಡಿಯುತ್ತಾ ಇರಬೇಕಿಲ್ಲ.

ಬ್ರಾಡ್‌ಕಾಸ್ಟ್ ಚಾನೆಲ್ ಬಳಸಿ. ಒಂದೇ ಸೈಟಿನ ಟ್ಯಾಬ್‌ಗಳು ತಮ್ಮತಮ್ಮಲ್ಲೇ ಸುದ್ದಿ ಕಳಿಸಿಕೊಳ್ಳಲು ಬ್ರೌಸರ್‌ನಲ್ಲೇ ಇರುವ ಸೌಲಭ್ಯ ಇದು. ಎಲ್ಲ ಟ್ಯಾಬ್‌ಗಳಲ್ಲೂ ಒಂದೇ ಹೆಸರಿನ ಚಾನೆಲ್ ತೆರೆದು, ಅದರ ಪೋಸ್ಟ್‌ಮೆಸೇಜ್ ಎಂಬ ಆಜ್ಞೆಯಿಂದ ಸುದ್ದಿ ಕಳಿಸಿ. ಇಡೀ ಪಟ್ಟಿ ಬೇಡ, ಲಾಟ್ ನಂಬರ್ ಮತ್ತು ಹೊಸ ದರ ಸಾಕು. ಕಳಿಸಿದ ಚಾನೆಲ್‌ಗೆ ತನ್ನದೇ ಸುದ್ದಿ ವಾಪಸ್ ಬರುವುದಿಲ್ಲ. ಆ ಟ್ಯಾಬ್‌ನ ಪರದೆಯನ್ನು ನೀವೇ ಬದಲಿಸಿ. ಪುಟಗಳ ಡೊಮೇನ್, ಪೋರ್ಟ್, ಎಚ್‌ಟಿಟಿಪಿ‌ಎಸ್ ಎಲ್ಲ ಒಂದೇ ಇರಬೇಕು.

ಜಾಸ್ತಿ ಎಡವಟ್ಟಾಗುವುದು ಟೈಪ್ ಮಾಡುವಾಗ. 18500 ಒತ್ತಿದರೆ 1, 18, 185 ಅಂತ ಐದು ಸುದ್ದಿ ಹೋಗುತ್ತವೆ. ನಡುವೆ ಬಿಲ್‌ನಲ್ಲಿ ಕ್ವಿಂಟಲ್‌ಗೆ 185 ರೂಪಾಯಿ ಕಂಡರೆ ರೈತರು ಸುಮ್ಮನಿರ್ತಾರಾ? ಬೆರಳು ನಿಂತು 300 ಮಿಲಿಸೆಕೆಂಡ್ ಆದ ಮೇಲೆ ಒಂದೇ ಸಲ ಕಳಿಸಿ.

ಸರ್ವರ್ ಜೊತೆ ಮಾತಾಡಲು ಒಂದು ಟ್ಯಾಬ್ ಸಾಕು. ಒಂದು ಸಲಕ್ಕೆ ಒಂದೇ ಟ್ಯಾಬ್‌ಗೆ ಬೀಗ ಕೊಡುವ ವೆಬ್ ಲಾಕ್ಸ್ ಎಂಬ ಸೌಲಭ್ಯ ಬ್ರೌಸರ್‌ನಲ್ಲಿದೆ. ಅದರಲ್ಲಿ ಬೀಗ ಹಿಡಿದ ಟ್ಯಾಬ್ ಮಾತ್ರ ಸಂಪರ್ಕ ಇಟ್ಟುಕೊಳ್ಳಲಿ. ಆ ಟ್ಯಾಬ್ ಮುಚ್ಚಿದರೆ ಬೀಗವು ಕಾಯುತ್ತಿರುವ ಮುಂದಿನ ಟ್ಯಾಬ್‌ಗೆ ಹೋಗುತ್ತದೆ.

ಹಳೇ ಬ್ರೌಸರ್ ಇದ್ದರೆ ಲೋಕಲ್‌ಸ್ಟೋರೇಜ್‌ನ (ಬ್ರೌಸರ್ ಮಾಹಿತಿ ಕೂಡಿಡುವ ಜಾಗ) ಸ್ಟೋರೇಜ್ ಈವೆಂಟ್ ಬಳಸಿದರೂ ಆಗುತ್ತದೆ: ಒಂದು ಟ್ಯಾಬ್ ಅಲ್ಲಿ ಬದಲಾಯಿಸಿದರೆ ಉಳಿದವಕ್ಕೆ ಸೂಚನೆ ಹೋಗುತ್ತದೆ. ಲೋಕಲ್‌ಸ್ಟೋರೇಜ್‌ನಲ್ಲಿ ಬರೀ ಅಕ್ಷರಸಾಲು ಇಡಬಹುದು, ಹಾಗಾಗಿ ಮಾಹಿತಿಯನ್ನು ಜೇಸನ್ (ಮಾಹಿತಿಯನ್ನು ಅಕ್ಷರಸಾಲಾಗಿ ಬರೆಯುವ ರೂಪ) ಮಾಡಿ ಇಡಿ.