ಕೊಡಗಿನ ಮನೆಗೆ ಎಂಥ ವೈಫೈ ರೂಟರ್ ಬೇಕು?

ರೂಟರ್ ಕೊಳ್ಳುವವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಬೆಂಗಳೂರಿನ ಫ್ಲ್ಯಾಟಿಗೆ ಹೊಂದುವಂಥವು. ಅಲ್ಲಿ ಸುತ್ತಲಿನ ಹತ್ತು ಮನೆಗಳ ವೈಫೈ ಒಂದರ ಮೇಲೊಂದು ಬೀಳುತ್ತದೆ. ನಾಪೋಕ್ಲು ಕಡೆಯ ನಮ್ಮ ತೋಟದ ಮನೆಯಲ್ಲಿ ಫೋನ್ ತೆರೆದರೆ ಕಾಣುವುದು ನಮ್ಮ ವೈಫೈ ಒಂದೇ. ನಮ್ಮ ಕಷ್ಟಗಳು ಬೇರೆ. ದಪ್ಪ ಗೋಡೆ, ಮಳೆಗಾಲದ ಕರೆಂಟು, ಸಿಡಿಲು. ಹಾಗಾಗಿ ನೋಡಿ ಕೊಳ್ಳಬೇಕಾದದ್ದೂ ಬೇರೆ.

ಮೊದಲು ಇರುವ ಪೆಟ್ಟಿಗೆ ನೋಡಿ

ಫೈಬರ್ ಸಂಪರ್ಕ ಕೊಟ್ಟವರು ಗೋಡೆಗೆ ಒಂದು ಪೆಟ್ಟಿಗೆ ಹಾಕಿ ಹೋಗಿರುತ್ತಾರೆ. ಅದೇ ಒಎನ್‌ಟಿ. ಈಗ ಬಹಳಷ್ಟು ಒಎನ್‌ಟಿಗಳ ಒಳಗೇ ವೈಫೈ ಇರುತ್ತದೆ. ತೊಂದರೆ ಏನೆಂದರೆ, ವೈರ್ ಒಳಗೆ ಬರುವ ಮೂಲೆಯಲ್ಲೇ ಅದನ್ನು ಕೂರಿಸಿಬಿಡುತ್ತಾರೆ. ಮನೆಯ ನಡುವಿಗೆ ತಂದುಕೊಡಿ ಎಂದು ಕೇಳಿ ನೋಡಿ. ಅಷ್ಟರಲ್ಲೇ ಸರಿಹೋದರೆ ದುಡ್ಡು ಉಳಿಯಿತಲ್ವಾ?

ಸರಿಹೋಗದಿದ್ದರೆ ಹೊಸ ರೂಟರ್

ವೈಫೈ ಮುಖ್ಯವಾಗಿ ಎರಡು ಬ್ಯಾಂಡ್‌ಗಳಲ್ಲಿ ಕೆಲಸ ಮಾಡುತ್ತದೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಒಂದೆರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. 2.4 ಗಿಗಾಹರ್ಟ್ಸ್ ನಿಧಾನ, ಗೋಡೆ ದಾಟುವುದರಲ್ಲಿ ಮುಂದು. ಪೇಟೆಯಲ್ಲಿ 2.4 ಬೇಡ ಎನ್ನುವುದು ಅಲ್ಲಿನ ಗದ್ದಲದಿಂದ. ಒಂಟಿ ಮನೆಗೆ ಆ ಗದ್ದಲವಿಲ್ಲ. ಕಲ್ಲು ಅಥವಾ ಮಣ್ಣಿನ ದಪ್ಪ ಗೋಡೆಯ ಹಳೆ ಮನೆಗೆ ನಿಜವಾಗಿ ಆಸರೆಯಾಗುವುದು 2.4 ಬ್ಯಾಂಡೇ. ಮಡಿಕೇರಿ, ಕುಶಾಲನಗರದ ಬಡಾವಣೆಗಳಲ್ಲಿದ್ದರೆ ಮಾತು ಬೇರೆ. ಅಲ್ಲಿ ರೂಟರ್ ಸೆಟ್ಟಿಂಗ್‌ನಲ್ಲಿ 2.4ರ ಚಾನೆಲ್ಲನ್ನು, ಅಂದರೆ ಬ್ಯಾಂಡಿನೊಳಗಿನ ಓಣಿಯನ್ನು, 1, 6, 11ರಲ್ಲಿ ಖಾಲಿ ಇರುವುದಕ್ಕೆ ಬದಲಿಸಿಕೊಳ್ಳಿ.

ಒಂದೇ ಬ್ಯಾಂಡಿನ ರೂಟರ್ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ನಾನಾದರೆ ಇನ್ನೊಂದು ಸಾವಿರ ಸೇರಿಸಿ ಎರಡೂ ಬ್ಯಾಂಡ್ ಇರುವುದನ್ನೇ ಕೊಳ್ಳುತ್ತೇನೆ. ಡಬ್ಬಿಯ ಮೇಲಿನ 1200 ಎಂಬ ಸಂಖ್ಯೆಗೆ ಮರುಳಾಗಬೇಡಿ. ಅದು 300 ಮತ್ತು 867 ಎಂಬ ಎರಡು ಬ್ಯಾಂಡ್‌ಗಳ ಲೆಕ್ಕ ಕೂಡಿಸಿ ದುಂಡಾಗಿಸಿದ್ದು. ನೋಡಬೇಕಾದದ್ದು ಹಿಂದಿನ ಪೋರ್ಟ್. 10/100 ಎಂದಿದ್ದರೆ 100 ಎಂಬಿಪಿಎಸ್‌ಗಿಂತ ಜಾಸ್ತಿ ಬರುವುದೇ ಇಲ್ಲ. ನಿಮ್ಮ ಪ್ಲಾನ್ 50 ಎಂಬಿಪಿಎಸ್ ಆದರೆ ಅಷ್ಟೇ ಸಾಕು. 100 ದಾಟಿದ ಪ್ಲಾನಿಗೆ ಮಾತ್ರ ಗಿಗಾಬಿಟ್ ಪೋರ್ಟ್ ಕೇಳಿ. ಆ್ಯಂಟೆನಾ ನಾಲ್ಕಿದ್ದ ಮಾತ್ರಕ್ಕೆ ಸಿಗ್ನಲ್ ದೂರ ಹೋಗುತ್ತದೆ ಎಂದೇನಿಲ್ಲ.

ಇಡುವ ಜಾಗ

ಒಎನ್‌ಟಿಯಿಂದ ಲ್ಯಾನ್ ವೈರ್ ಎಳೆದು ರೂಟರನ್ನು ಮನೆಯ ನಡುವೆ, ತಲೆಮಟ್ಟಕ್ಕಿಂತ ಎತ್ತರದಲ್ಲಿ ಇಡಿ. ಲ್ಯಾನ್ ವೈರ್ 100 ಮೀಟರ್‌ವರೆಗೆ ಎಳೆಯಬಹುದು. ಕಬ್ಬಿಣದ ಬೀರು, ಫ್ರಿಜ್, ದೊಡ್ಡ ಕನ್ನಡಿಯ ಹಿಂದೆ ಬೇಡ. ಆ್ಯಂಟೆನಾ ನೆಟ್ಟಗೆ ನಿಲ್ಲಿಸಿದರೆ ಸಿಗ್ನಲ್ ಅಕ್ಕಪಕ್ಕಕ್ಕೆ ಹರಡುತ್ತದೆ. ಮಹಡಿಗೂ ಬೇಕಿದ್ದರೆ ಒಂದನ್ನು ಅಡ್ಡ ಮಲಗಿಸಿ. ಹೊರಗೋಡೆಗೆ ತಾಗಿಸಿ ಇಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೋಡೆ ತಣ್ಣಗೆ ಬೆವರುತ್ತಲೇ ಇರುತ್ತದೆ, ಪಿನ್ನುಗಳು ತುಕ್ಕು ಹಿಡಿಯುತ್ತವೆ.

ಮೊದಲ ದಿನದ ಕೆಲಸ

ರೂಟರ್ ಜೊತೆಗೆ ಬಂದ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಸೆಕ್ಯುರಿಟಿಯಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ, ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಸೇರಿಸಿಕೊಳ್ಳುವ ಡಬ್ಲ್ಯುಪಿಎಸ್ ಆಫ್ ಮಾಡಿ. ಹೋಂಸ್ಟೇ ನಡೆಸುವವರು ಅತಿಥಿಗಳಿಗೆ ಗೆಸ್ಟ್ ನೆಟ್‌ವರ್ಕ್ ಬೇರೆಯೇ ಮಾಡಿಕೊಡಿ. ಮನೆಯ ಕ್ಯಾಮೆರಾ, ಕಂಪ್ಯೂಟರ್ ಇರುವ ವೈಫೈನ ಪಾಸ್‌ವರ್ಡ್ ಅವರಿಗೆ ಬೇಡ.

ಕರೆಂಟು ಮತ್ತು ಸಿಡಿಲು

ಕರೆಂಟು ಹೋದರೂ ಫೈಬರ್ ಬಹಳ ಸಲ ಜೀವಂತ ಇರುತ್ತದೆ. ಆರುವುದು ನಮ್ಮ ಪೆಟ್ಟಿಗೆಗಳು. ಅದಕ್ಕೆ ಮಿನಿ ಯುಪಿಎಸ್ ಸಿಗುತ್ತದೆ. ಒಎನ್‌ಟಿ, ರೂಟರ್ ಎರಡಕ್ಕೂ ಕೊಡಬೇಕು, ಒಂದಕ್ಕೆ ಕೊಟ್ಟರೆ ಪ್ರಯೋಜನವಿಲ್ಲ. ಕೊಳ್ಳುವ ಮುಂಚೆ ಎರಡೂ ಅಡಾಪ್ಟರ್‌ಗಳ ಚೀಟಿ ಓದಿ. ಯುಪಿಎಸ್ ಕೊಡುವ ವೋಲ್ಟ್ ಆಯಾ ಅಡಾಪ್ಟರಿನ ಮೇಲೆ ಬರೆದಷ್ಟೇ ಇರಬೇಕು. ಆಂಪಿಯರ್ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಡಿಮೆ ಇರಬಾರದು.

ಸಿಡಿಲಿನ ವಿಷಯಕ್ಕೆ ದಯವಿಟ್ಟು ಗಮನ ಕೊಡಿ. ನಾವು ಮನೆಯಿಂದ ಕಣದಾಚೆಯ ಲೈನ್ ಮನೆಗೆ (ತೋಟದ ಕೆಲಸದವರ ಮನೆ) ಮರಗಳ ಮೇಲೆ ಲ್ಯಾನ್ ವೈರ್ ಎಳೆದಿದ್ದೆವು. ಏಪ್ರಿಲ್‌ನ ಒಂದು ಸಂಜೆ ಕಾಫಿ ಹೂ ಅರಳಿಸುವ ಹೂ ಮಳೆಗೆ ಎಲ್ಲರೂ ಖುಷಿಯಲ್ಲಿದ್ದಾಗ ಸಿಡಿಲು ಬಡಿಯಿತು. ಎರಡೂ ಕಡೆಯ ಪೆಟ್ಟಿಗೆ ಸುಟ್ಟುಹೋದವು. ಆ ವೈರಿನೊಳಗೆ ಇರುವುದು ತಾಮ್ರ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎಳೆಯುವುದಾದರೆ ಲೋಹದ ಎಳೆ ಇಲ್ಲದ ಫೈಬರ್ ಹಾಕಿಸಿ, ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಗುಡುಗು ದೂರದಲ್ಲಿ ಕೇಳಿದಾಗಲೇ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.

ನೆಟ್ ನಿಂತಾಗ

ಒಎನ್‌ಟಿಯಲ್ಲಿ ಎಲ್‌ಒಎಸ್ ಎಂದು ಬರೆದ ದೀಪ ಕೆಂಪಗಿದೆಯಾ ನೋಡಿ. ಕೆಂಪಗಿದ್ದರೆ ಬೆಳಕು ಮನೆಗೆ ತಲುಪುತ್ತಿಲ್ಲ. ಮಳೆಗಾಲದಲ್ಲಿ ಹೆಚ್ಚಾಗಿ ಎಲ್ಲೋ ಸಿಲ್ವರ್ ಓಕ್ ಕೊಂಬೆ ಬಿದ್ದು ಫೈಬರ್ ತುಂಡಾಗಿರುತ್ತದೆ. ಆಗ ಸುಮ್ನೆ ರೂಟರ್ ಆನ್ ಆಫ್ ಮಾಡುತ್ತಾ ಕೂರಬೇಡಿ, ರೀಸೆಟ್ ಗುಂಡಿಯನ್ನಂತೂ ಒತ್ತಲೇಬೇಡಿ. ದೂರು ಕೊಡುವಾಗ "ಎಲ್‌ಒಎಸ್ ಕೆಂಪಗಿದೆ" ಎಂದೇ ಹೇಳಿ. ಬರುವವರು ಫೈಬರ್ ಜೋಡಿಸುವ ಯಂತ್ರ ಹಿಡಿದುಕೊಂಡೇ ಬರುತ್ತಾರೆ.