ಅಂಟುವಾಳದ ನೊರೆ, ಸಬ್ಬಕ್ಕಿ ಗಂಜಿ: ಕಾಟನ್ ಸೀರೆಗೆ ಮನೆಯಲ್ಲೇ ಆರೈಕೆ

ಕಾಟನ್ ಸೀರೆ ಉಡುವುದನ್ನು ಎಷ್ಟೋ ಜನ ಬಿಟ್ಟಿರುವುದು ಇಷ್ಟವಿಲ್ಲ ಅಂತಲ್ಲ, ಆಮೇಲಿನ ಖರ್ಚಿಗೆ ಹೆದರಿ. ಒಂದು ಸಲ ಉಟ್ಟರೆ ತೊಳೆಸಲು, ಗಂಜಿ ಹಾಕಿಸಲು, ಇಸ್ತ್ರಿ ಮಾಡಿಸಲು ಬೇರೆ ಬೇರೆ ದುಡ್ಡು. ವಾರಕ್ಕೆ ಎರಡು ಸೀರೆ ಉಟ್ಟರೂ ತಿಂಗಳ ಲೆಕ್ಕ ಜಾಸ್ತಿಯೇ ಆಗುತ್ತದೆ, ಅಲ್ವಾ? ಗ್ರಂಧಿಗೆ ಅಂಗಡಿಯಿಂದ ಒಂದಷ್ಟು ಅಂಟುವಾಳ, ಅಡುಗೆಮನೆಯಿಂದ ಒಂದು ಹಿಡಿ ಸಬ್ಬಕ್ಕಿ ಇದ್ದರೆ ಈ ಕೆಲಸವೆಲ್ಲ ಮನೆಯಲ್ಲೇ ಆಗುತ್ತದೆ. ದುಡ್ಡು ಉಳಿಯುವುದು ಒಂದು ಕಡೆ, ಸೀರೆಯೂ ಹೆಚ್ಚು ವರ್ಷ ಬಾಳುತ್ತದೆ.

ಮೊದಲು ಬಣ್ಣ ನೋಡಿ

ಹೊಸ ಸೀರೆಯಾದರೆ ಸೆರಗಿನ ಒಳಮೂಲೆಯನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ಚೂರಿನಿಂದ ಒತ್ತಿ. ಬಣ್ಣ ಹತ್ತಿದರೆ ಅದನ್ನು ಯಾವತ್ತೂ ಬೇರೆಯಾಗಿಯೇ, ತಣ್ಣೀರಿನಲ್ಲಿ ತೊಳೆಯಿರಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆ ಹೊತ್ತಿಗೆ ಸ್ವಲ್ಪ ಕಡಿಮೆ ಬಿಡಬಹುದು, ಶಾಶ್ವತವಾಗಿ ನಿಲ್ಲುವುದಿಲ್ಲ.

ಅಂಟುವಾಳದ ನೀರು

ಒಣಗಿದ ಅಂಟುವಾಳದ ಕಾಯಿ ಹಳೇ ಬೆಲ್ಲದ ಬಣ್ಣಕ್ಕಿರುತ್ತದೆ, ಮುಟ್ಟಿದರೆ ಬೆರಳಿಗೆ ಸ್ವಲ್ಪ ಅಂಟುತ್ತದೆ. ಕೆಲವು ಕಡೆ ಇದಕ್ಕೆ ನೊರೆಕಾಯಿ ಅಂತಲೂ ಹೆಸರು. ಒಡೆದರೆ ಒಳಗೆ ಗೋಲಿಯಂಥ ಗಟ್ಟಿ ಕರಿ ಬೀಜ. ಬೀಜ ನಮಗೆ ಬೇಡ, ನೊರೆ ಬರುವುದು ಸಿಪ್ಪೆಯಿಂದ. ಅದರಲ್ಲಿರುವ ಸ್ಯಾಪೋನಿನ್ ಕೊಳೆ ಬಿಡಿಸುತ್ತದೆ.

1. ಹತ್ತು ಹನ್ನೆರಡು ಕಾಯಿಯ ಬೀಜ ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ.

2. ಬೆಳಿಗ್ಗೆ ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ 15–20 ನಿಮಿಷ ಕುದಿಸಿ. ಪಾತ್ರೆ ದೊಡ್ಡದಿರಲಿ, ಉಕ್ಕಿ ಒಲೆ ಮೇಲೆಲ್ಲ ಚೆಲ್ಲುತ್ತದೆ. ಹುಳಿ ಹುಳಿ ವಾಸನೆ ಬರುತ್ತದೆ, ತೊಳೆದು ಒಣಗಿದ ಬಟ್ಟೆಯಲ್ಲಿ ಅದು ಉಳಿಯುವುದಿಲ್ಲ.

3. ಆರಿದ ಮೇಲೆ ಕೈಯಿಂದ ಚೆನ್ನಾಗಿ ಕಿವುಚಿ. ಲೋಳೆ ಲೋಳೆಯಾಗಿ ನೊರೆ ಎದ್ದಾಗ ತೆಳು ಬಟ್ಟೆಯಲ್ಲಿ ಸೋಸಿ.

4. ಅರ್ಧ ಬಕೆಟ್ ತಣ್ಣೀರಿಗೆ ಇದರಲ್ಲಿ ಒಂದು ಲೋಟ ಹಾಕಿ, ಸೀರೆಯನ್ನು ಹತ್ತು ನಿಮಿಷ ಅದ್ದಿಡಿ. ಉಜ್ಜಬೇಡಿ, ಹಿಂಡಿ ತಿರುಚಬೇಡಿ. ಮೇಲೆ ಕೆಳಗೆ ಅದ್ದಿ ತೆಗೆದು, ಎರಡು ಸಲ ನೀರಿನಲ್ಲಿ ಜಾಲಿಸಿ.

ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ, ಆಮೇಲೆ ಹುಳಿತುಹೋಗುತ್ತದೆ. ಸೋಪಿನಷ್ಟು ಕ್ಷಾರ ಇದರಲ್ಲಿ ಇಲ್ಲದ ಕಾರಣ ಮನೆಯಲ್ಲಿ ತೊಳೆಯಬಹುದಾದ ರೇಷ್ಮೆಗೆ, ಉಣ್ಣೆ ಶಾಲಿಗೆ ಒಳ್ಳೆಯದು. ಬೋರ್‌ವೆಲ್‌ನ ಗಡಸು ನೀರಿನಲ್ಲೂ ಸೋಪಿನಂತೆ ಬೂದು ಪದರ ಕಟ್ಟುವುದಿಲ್ಲ. ಹಾಗಂತ ಎಲ್ಲ ಬಟ್ಟೆಗೂ ಇದೇ ಸಾಕು ಅನ್ನುವುದು ಸರಿಯಲ್ಲ. ಗ್ರೀಸ್, ಗಟ್ಟಿ ಎಣ್ಣೆ ಜಿಡ್ಡು ಹೋಗುವುದಿಲ್ಲ. ಅಪ್ಪಟ ಬಿಳಿ ಬಟ್ಟೆಗೆ ಕಂದು ಛಾಯೆ ಹತ್ತಬಹುದು. ಕಣ್ಣಿಗೆ ಬಿದ್ದರೆ ತುಂಬ ಉರಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಮೀನಿಗೆ ಇದು ವಿಷ. ತೊಳೆದ ನೀರನ್ನು ಮೀನಿರುವ ತೊಟ್ಟಿ, ಕೆರೆಯ ಕಡೆ ಬಿಡಬೇಡಿ.

ಗಂಜಿ ಹಾಕುವುದು

ಅನ್ನ ಬಸಿಯುವ ಮನೆಗಳಲ್ಲಿ ಗಂಜಿಗೆ ಬೇರೆ ಏನೂ ಬೇಕಿರಲಿಲ್ಲ. ಕುಕ್ಕರ್ ಬಂದ ಮೇಲೆ ಆ ಗಂಜಿಯೇ ಇಲ್ಲ. ಸಬ್ಬಕ್ಕಿ ಅದಕ್ಕಿಂತ ಚೆನ್ನಾಗಿ ಕೂರುತ್ತದೆ ಅನ್ನುವುದು ನನ್ನ ಅನುಭವ.

ಒಂದು ಹಿಡಿ ಸಬ್ಬಕ್ಕಿಯನ್ನು ಎರಡು ಗಂಟೆ ನೆನೆಸಿ, ಒಂದು ಲೀಟರ್ ನೀರಿನಲ್ಲಿ ಕಾಳು ಗಾಜಿನಂತೆ ಪಾರದರ್ಶಕ ಆಗುವವರೆಗೆ ಕುದಿಸಿ. ತಳ ಹಿಡಿಯದಂತೆ ತಿರುವುತ್ತಲೇ ಇರಿ. ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸೋಸಿ, ಒಂದು ಗಂಟೂ ಉಳಿಯಬಾರದು. ಇದನ್ನು ಅರ್ಧ ಬಕೆಟ್ ನೀರಿಗೆ ಬೆರೆಸಿ. ಎರಡು ಬೆರಳು ಅದ್ದಿ ಉಜ್ಜಿ ನೋಡಿ. ಸಣ್ಣಗೆ ಜಾರಬೇಕು, ಅಂಟಬಾರದು. ತೊಳೆದು ನೀರು ಇಳಿಸಿದ ಒದ್ದೆ ಸೀರೆಯನ್ನೇ ಇದರಲ್ಲಿ ಅದ್ದಿ. ಒಣ ಸೀರೆ ಹಾಕಿದರೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಹೀರುತ್ತದೆ.

ಕಪ್ಪು, ಕಡುನೀಲಿ ಸೀರೆಗಳಿಗೆ ಇನ್ನೂ ಒಂದು ಪಾಲು ನೀರು ಸೇರಿಸಿ. ನನ್ನ ಕಪ್ಪು ಇಳಕಲ್ ಸೀರೆಗೆ ಮೊದಲ ಸಲ ಗಟ್ಟಿ ಗಂಜಿ ಹಾಕಿ ಬಿಸಿಲಿಗೆ ಹರವಿದ್ದೆ. ಒಣಗಿದ ಮೇಲೆ ಉದ್ದಕ್ಕೂ ಬಿಳಿ ಬಿಳಿ ಪಟ್ಟೆ. ಪುಣ್ಯಕ್ಕೆ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಗಂಜಿ ಪೂರ್ತಿ ಬಿಡುತ್ತದೆ, ಮತ್ತೆ ಹಾಕಬಹುದು. ಅವತ್ತಿನಿಂದ ಬಣ್ಣದ ಸೀರೆಗಳನ್ನು ಒಳಮಗ್ಗುಲು ಮೇಲೆ ಮಾಡಿ ನೆರಳಿನಲ್ಲೇ ಒಣಗಿಸುತ್ತೇನೆ.

ಪೂರ್ತಿ ಒಣಗುವ ಮೊದಲೇ, ಸ್ವಲ್ಪ ತಂಪು ಇರುವಾಗ ಇಬ್ಬರು ಎರಡು ತುದಿ ಹಿಡಿದು ಎಳೆದು ಮಡಚಿ. ಅರ್ಧ ಇಸ್ತ್ರಿ ಅಲ್ಲೇ ಆಗಿರುತ್ತದೆ. ಒಣಗಿಬಿಟ್ಟಿದ್ದರೆ ನೀರು ಚಿಮುಕಿಸಿ, ಸುತ್ತಿ ಅರ್ಧ ಗಂಟೆ ಇಟ್ಟು ಇಸ್ತ್ರಿ ಮಾಡಿ. ಮಳೆಗಾಲದಲ್ಲಿ ಗಂಜಿ ಬೇಡ, ಮುಗ್ಗಲು ವಾಸನೆ ಹಿಡಿಯುತ್ತದೆ. ತಿಂಗಳುಗಟ್ಟಲೆ ಬೀರುವಿನಲ್ಲಿಡುವ ಸೀರೆಯ ಗಂಜಿಯನ್ನೂ ತೊಳೆದೇ ಇಡಿ, ಇಲ್ಲದಿದ್ದರೆ ಜಿರಳೆ, ಹುಳ ಕಡಿಯುತ್ತವೆ.

ದಿನಬಳಕೆಯ ಬಟ್ಟೆ

ಹಿಂದೆ ಮಡಿವಾಳರು ಚೌಳು ಮಣ್ಣಿನ ನೀರಿನಲ್ಲಿ ಬಟ್ಟೆ ಅದ್ದಿ ಉಬ್ಬೆಗೆ ಹಾಕುತ್ತಿದ್ದರು, ಅಂದರೆ ಹಬೆಯಲ್ಲಿ ಬೇಯಿಸುತ್ತಿದ್ದರು. ಆ ಮಣ್ಣಿನಲ್ಲಿ ಕೊಳೆ ತೆಗೆಯುತ್ತಿದ್ದದ್ದು ಸೋಡಿಯಂ ಕಾರ್ಬೊನೇಟ್, ಅಂದರೆ ನಮ್ಮ ವಾಷಿಂಗ್ ಸೋಡಾ. ನೀರಿನ ಗಡಸನ್ನು ತೆಗೆಯುವುದೂ ಅದೇ. ಬೋರ್ ನೀರಿನ ಮನೆಗಳಲ್ಲಿ ಹತ್ತಿಯ ಬೆಡ್‌ಶೀಟ್, ಟವೆಲ್ ನೆನೆಸುವ ಬಕೆಟ್‌ಗೆ ಒಂದು ದೊಡ್ಡ ಚಮಚ ಹಾಕಿ ನೋಡಿ, ಪೌಡರ್ ಕಡಿಮೆ ಸಾಕಾಗುತ್ತದೆ. ನೊರೆ ಕಮ್ಮಿಯಾದಷ್ಟೂ ಜಾಲಿಸುವ ನೀರೂ ಉಳಿಯುತ್ತದೆ. ಟ್ಯಾಂಕರ್ ನೀರು ಕೊಳ್ಳುವವರಿಗೆ ಇದು ಸಣ್ಣ ಉಳಿತಾಯ ಅಲ್ಲ. ರೇಷ್ಮೆ, ಉಣ್ಣೆಗೆ ಮಾತ್ರ ವಾಷಿಂಗ್ ಸೋಡಾ ಮುಟ್ಟಿಸಲೇಬೇಡಿ, ಎಳೆ ಹಾಳಾಗುತ್ತದೆ. ಬ್ಲೀಚ್ ಜೊತೆ ವಿನೆಗರ್ ಎಂದೂ ಬೆರೆಸಬೇಡಿ, ವಿಷದ ಕ್ಲೋರಿನ್ ಅನಿಲ ಬರುತ್ತದೆ.

ಅರಿಶಿನದ ಕಲೆ

ಬಿಳಿ ಪಂಚೆಗೆ ಸಾರು ಚೆಲ್ಲಿ, ಸೋಪು ಹಚ್ಚಿದ ಕೂಡಲೇ ಕಲೆ ಕೆಂಪಾದರೆ ಗಾಬರಿ ಬೇಡ. ಅರಿಶಿನ ಕ್ಷಾರಕ್ಕೆ ಸೇರಿದಾಗ ಹಾಗೆಯೇ ಆಗುತ್ತದೆ. ಜಿಡ್ಡು ಹೋಗುವವರೆಗೆ ತೊಳೆದು, ಚೆನ್ನಾಗಿ ಜಾಲಿಸಿ, ಕಲೆಯ ಭಾಗ ಮೇಲೆ ಬರುವಂತೆ ಒದ್ದೆ ಬಟ್ಟೆಯನ್ನೇ ಸುಡು ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಸಂಜೆಗೂ ಹಳದಿ ಉಳಿದಿದ್ದರೆ ಮರುದಿನ ಇನ್ನೊಮ್ಮೆ ಒದ್ದೆ ಮಾಡಿ ಹರವಿ.