ಬಗ್ಗಡದ ನೀರು, ಹಸನಾದ ಬಾಯ್ಲರ್: ನನ್ನ ಅನುಭವ

ಕಳೆದ ಚಳಿಗಾಲದಲ್ಲಿ ನಮ್ಮ ಆಸ್ಟೆರಿಟಿ ಉಗಿ ಎಂಜಿನ್ನಿನ ಬಾಯ್ಲರಿನಿಂದ, ತಪಾಸಣಾಧಿಕಾರಿಗಳು ತಾವೇ ಆರಿಸಿದ ಒಂದು ಟ್ಯೂಬನ್ನು (ಬೆಂಕಿಯ ಬಿಸಿ ಗಾಳಿಯನ್ನು ನೀರಿನ ನಡುವೆ ಒಯ್ಯುವ ಕೊಳವೆ) ಎಳೆದು ಹೊರಗಿಟ್ಟೆವು. ಆರು ಹಂಗಾಮು ನೀರಿನಲ್ಲಿದ್ದ ಆ ಟ್ಯೂಬನ್ನು ಉಗುರಿನಿಂದ ಕೆರೆದರೆ ಕಂದು ಬಣ್ಣದ ತೆಳು ಪುಡಿ ಬಂದಿತೇ ಹೊರತು ಸುಣ್ಣದ ಒಂದು ಚಕ್ಕೆಯೂ ಏಳಲಿಲ್ಲ. ಬಾಯ್ಲರಿನ ನೀರನ್ನು ಬಗ್ಗಡವಾಗಿಯೇ ಬಿಟ್ಟು, ಔಷಧಿಯಿಂದ ಸುಣ್ಣ ಕಟ್ಟದಂತೆ ತಡೆಯುವ ನಮ್ಮ ಪದ್ಧತಿಯಿಂದ ಬಾಯ್ಲರ್ ಕೆಡುವುದು ಖಂಡಿತ ಎಂದು ಮೊದಲ ದಿನವೇ ಹೇಳಿದ್ದ ನಮ್ಮ ಶೆಡ್ಡಿನ ಹಿರಿಯ ಫಿಟ್ಟರ್ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ತಿರುಗಿಸಿ ನೋಡಿ, ಎರಡನೆಯ ಎಂಜಿನ್ನಿಗೆ ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿದರು. ಆ ಮಾತು ಕೇಳಿದ ಮೇಲೆಯೇ ಇದನ್ನು ಬರೆಯುವ ಧೈರ್ಯ ನನಗೆ ಬಂದದ್ದು.

ಆಸ್ಟೆರಿಟಿ ಎಂದರೆ ಯುದ್ಧಕಾಲದ ಎಂಜಿನ್. ಲೀಡ್ಸ್‌ನ ಹನ್ಸ್ಲೆಟ್ ಕಂಪನಿಯ ವಿನ್ಯಾಸ. 1943ರಿಂದ 1964ರವರೆಗೆ ಹಲವು ಕಾರ್ಖಾನೆಗಳಲ್ಲಿ ಒಟ್ಟು 485 ತಯಾರಾದವು. ಯುದ್ಧ ಮುಗಿದ ಮೇಲೆ 75 ಎಂಜಿನ್‌ಗಳನ್ನು ಎಲ್‌ಎನ್‌ಇಆರ್ ಎಂಬ ಬ್ರಿಟಿಷ್ ರೈಲು ಕಂಪನಿ ಕೊಂಡು ಜೆ94 ಎಂದು ಕರೆಯಿತು. ಉಳಿದವುಗಳಲ್ಲಿ ಹೆಚ್ಚಿನವು ಸೇನೆಯಲ್ಲಿ, ಕಲ್ಲಿದ್ದಲು ಗಣಿಗಳಲ್ಲಿ ದುಡಿದವು. ಇವನ್ನು ತಯಾರಿಸಿದವರಲ್ಲಿ ಒಬ್ಬರಾದ ಸ್ಟ್ಯಾಫರ್ಡ್‌ನ ಬ್ಯಾಗ್ನಲ್ ಕಂಪನಿಯ ಹೆಸರನ್ನು ನಾನು ಮೊದಲು ಓದಿದ್ದು ಹುಡುಗನಾಗಿದ್ದಾಗ, ಮೈಸೂರಿನ ರೈಲು ಸಂಗ್ರಹಾಲಯದಲ್ಲಿ. ನಮ್ಮ ಎಂಜಿನ್ ಗಣಿಯಲ್ಲಿ ದುಡಿದು ನಿವೃತ್ತವಾದದ್ದು. ಈಗ ದಕ್ಷಿಣ ಇಂಗ್ಲೆಂಡಿನ ನಮ್ಮ ಸಂರಕ್ಷಿತ ಮಾರ್ಗದಲ್ಲಿ ವರ್ಷಕ್ಕೆ ಎಪ್ಪತ್ತು ಎಂಬತ್ತು ದಿನ ಪ್ರಯಾಣಿಕರ ಗಾಡಿ ಎಳೆಯುತ್ತದೆ.

ನಮಗಿದ್ದ ಶತ್ರು ನೀರು. ಇಲ್ಲಿಯದು ಸುಣ್ಣದ ಬಂಡೆಯ ನೆಲ. ನಲ್ಲಿಯ ನೀರಿನ ಗಡಸುತನ ಸುಮಾರು 300 ಪಿಪಿಎಂ. ಕೋಲಾರದ ಕಡೆಯ ಕೊಳವೆಬಾವಿ ನೀರನ್ನು ಹಂಡೆಯಲ್ಲಿ ಕಾಯಿಸಿ ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹದಿನಾಲ್ಕು ದಿನ ಓಡಿಸಿದ ಮೇಲೆ ವಾಷ್‌ಔಟ್ ಮಾಡಿದರೆ, ಅಂದರೆ ಬಾಯ್ಲರನ್ನು ಖಾಲಿ ಮಾಡಿ ತೊಳೆದರೆ, ಬೆಂಕಿ ಉರಿಯುವ ಪೆಟ್ಟಿಗೆಯಾದ ಫೈರ್‌ಬಾಕ್ಸಿನ ಅಡಿಯಿಂದ ಮೂರು ನಾಲ್ಕು ಬಕೆಟ್ ಚಕ್ಕೆ ಬರುತ್ತಿತ್ತು. ಹಳೆಯ ಕ್ರಮದಂತೆ ದಿನಕ್ಕೆರಡು ಸಲ ಬ್ಲೋಡೌನ್ ಮಾಡಿ (ಬಾಯ್ಲರಿನ ಸ್ವಲ್ಪ ನೀರನ್ನು ಹೊರಬಿಟ್ಟು) ಟಿಡಿಎಸ್ ಅನ್ನು, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು, 3,500 ಪಿಪಿಎಂ ಒಳಗೇ ಇಟ್ಟಿದ್ದೆವು, ಔಷಧಿಯನ್ನೂ ಹಾಕುತ್ತಿದ್ದೆವು. ಆದರೂ ಹಿಂದಿನ ಟ್ಯೂಬುಗಳ ಸೆಟ್ ಏಳೇ ವರ್ಷಕ್ಕೆ ಮುಗಿಯಿತು. ಹೊಸ ಸೆಟ್ಟಿಗೆ ಕೂಲಿ ಸೇರಿ ಹದಿನಾಲ್ಕು ಸಾವಿರ ಪೌಂಡಿನಷ್ಟು ಆಯಿತೆಂದು ನನ್ನ ನೆನಪು. ಅಷ್ಟು ದುಡ್ಡು ಕೂಡಿಸಲು ಎರಡು ವರ್ಷ ಚಂದಾ ಎತ್ತಿದ್ದೆವು.

ಫ್ರಾನ್ಸಿನಲ್ಲಿ ಲೂಯಿ ಅರ್ಮಾನ್ ಆರಂಭಿಸಿದ ನೀರಿನ ಸಂಸ್ಕರಣೆಯನ್ನು ಅರ್ಜೆಂಟೀನಾದ ಎಂಜಿನಿಯರ್ ಲಿವಿಯೊ ದಾಂತೆ ಪೋರ್ತಾ ಮುಂದುವರಿಸಿದ ರೀತಿ ಹೀಗಿದೆ: ಕ್ಷಾರವನ್ನು ಏರಿಸಿ, ಟಿಡಿಎಸ್ ಅನ್ನು ಹತ್ತು ಸಾವಿರ ದಾಟಲು ಬಿಟ್ಟು, ಸುಣ್ಣವು ತಗಡಿಗೆ ಕಚ್ಚದೆ ಬಗ್ಗಡವಾಗಿ ನೀರಿನಲ್ಲೇ ತೇಲುವಂತೆ ನೋಡಿಕೊಂಡು, ನೊರೆನಿವಾರಕದಿಂದ ಪ್ರೈಮಿಂಗ್ (ನೀರು ನೊರೆಯೆದ್ದು ಉಗಿಯ ಜೊತೆ ಸಿಲಿಂಡರಿಗೆ ನುಗ್ಗುವುದು) ತಡೆಯುವುದು. ಇದನ್ನು ಸಭೆಯಲ್ಲಿ ಹೇಳಿದಾಗ ಕೊಳಕು ನೀರಿನಿಂದ ಹಸನಾದ ಬಾಯ್ಲರ್ ಹೇಗೆ ಸಾಧ್ಯ ಎಂಬುದೇ ಎಲ್ಲರ ಪ್ರಶ್ನೆಯಾಗಿತ್ತು. ಒಂದು ಹಂಗಾಮಿನ ಮಟ್ಟಿಗೆ ಒಪ್ಪಿಗೆ ಸಿಕ್ಕಿತು. ಔಷಧಿಯ ಖರ್ಚಿಗೆ ಮೊದಲ ಐನೂರು ಪೌಂಡ್ ನಾನೇ ಕೊಟ್ಟೆ.

ಮೊದಲ ಹಂಗಾಮು ಸೋಲಿನದೇ. ಹಳೆಯ ಸುಣ್ಣ ಬಿಡತೊಡಗಿದಾಗ, ಅದು ಅಷ್ಟು ವರ್ಷ ಮುಚ್ಚಿಟ್ಟಿದ್ದ ಬಿರುಕುಗಳೆಲ್ಲ ಹೊರಬಿದ್ದವು. ಫೈರ್‌ಬಾಕ್ಸಿನ ತಗಡುಗಳನ್ನು ಬಿಗಿದಿಡುವ ಸ್ಟೇಗಳಲ್ಲಿ ಏಳೆಂಟು ಜಿನುಗಿದವು, ಎರಡು ವಾಷ್‌ಔಟ್ ಪ್ಲಗ್ಗುಗಳ ಸುತ್ತ ಬಿಳಿಯ ಉಪ್ಪು ಹೂವಿನಂತೆ ಅರಳಿತು. ಅದಕ್ಕಿಂತ ಕೆಟ್ಟದ್ದು ಮೇ ತಿಂಗಳಿನಲ್ಲಿ ಕಂಡಿತು: ಬಾಯ್ಲರಿನ ನೀರಿನ ಮಟ್ಟ ತೋರಿಸುವ ಬಲಗಡೆಯ ಗೇಜ್ ಗ್ಲಾಸಿನಲ್ಲಿ ನೀರು ಅಲುಗಾಡದೆ ನಿಂತಿತ್ತು. ಕೆಳಗಿನ ಕಾಕಿನ (ತಿರುಗಿಸುವ ನಲ್ಲಿಯ) ದಾರಿಗೆ ಬೆರಳುಗುರಿನಷ್ಟು ಅಗಲದ ಚಕ್ಕೆಯೊಂದು ಅಡ್ಡ ಕುಳಿತಿತ್ತು. ಎಡಗಡೆಯ ಗ್ಲಾಸ್ ಸರಿಯಾಗಿದ್ದುದರಿಂದ ಅಪಾಯವಾಗಲಿಲ್ಲ. ಆದರೂ ಬೆಂಕಿ ಇಳಿಸಿ ಎಂಜಿನ್ ನಿಲ್ಲಿಸಿದೆವು. ಆಮೇಲೆ ಎರಡು ತಿಂಗಳು ಪ್ರತಿವಾರ ವಾಷ್‌ಔಟ್ ಮಾಡಿದೆವು, ಪ್ರತಿ ಸಲವೂ ಎರಡೆರಡು ಬಕೆಟ್ ಹಳೆಯ ಸುಣ್ಣ ಸಿಕ್ಕಿತು. ಹಳೆಯ ಬಾಯ್ಲರಿನಲ್ಲಿ ಈ ಪದ್ಧತಿಯನ್ನು ಆರಂಭಿಸುವವರು ಈ ಎರಡು ತಿಂಗಳ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿದುಕೊಳ್ಳಬೇಕು, ನಾನು ಹಿಡಿದಿರಲಿಲ್ಲ.

ಆಗಸ್ಟಿನಲ್ಲಿ ಪ್ರೈಮಿಂಗ್ ಆಯಿತು. ನಾಲ್ಕು ಬೋಗಿ ಕಟ್ಟಿಕೊಂಡು ಏರು ಹತ್ತುತ್ತಿದ್ದಾಗ, ಡ್ರೈವರ್ ಉಗಿ ಬಿಡುವ ರೆಗ್ಯುಲೇಟರ್ ತೆರೆದೊಡನೆ ಎಂಜಿನ್ನಿನ ಸದ್ದು ಒಮ್ಮೆಗೇ ಮಂದವಾಯಿತು, ಒದ್ದೆ ಬಟ್ಟೆ ಒಗೆದಂತೆ. ಚಿಮಣಿಯಿಂದ ಬೂದುಬಣ್ಣದ ನೀರು ಎಗರಿ, ಬಾಯ್ಲರಿನ ಮೇಲೆ ಕೂತ ನೀರಿನ ತೊಟ್ಟಿಯಾದ ಸ್ಯಾಡಲ್ ಟ್ಯಾಂಕಿನ ಹೊಸ ಹಸಿರು ಬಣ್ಣದ ಮೇಲೆಲ್ಲ ಸುರಿಯಿತು. ಸಿಲಿಂಡರ್ ಕಾಕುಗಳನ್ನು ತಕ್ಷಣ ತೆರೆದು ನೀರನ್ನು ಹೊರಬಿಟ್ಟದ್ದರಿಂದ ಸಿಲಿಂಡರ್ ಮುಚ್ಚಳಗಳು ಉಳಿದವು. ಅಂದು ಟಿಡಿಎಸ್ ಎಂಟು ಸಾವಿರವಷ್ಟೇ ಇತ್ತು. ತಪ್ಪು ಅಂಕಿಯದಲ್ಲ, ನನ್ನದು: ನೊರೆನಿವಾರಕವನ್ನು ವಾರಕ್ಕೊಮ್ಮೆ ಉಳಿದ ಔಷಧಿಯ ಜೊತೆಗೇ ಹಾಕುತ್ತಿದ್ದೆ. ಕುದಿಯುವ ಬಾಯ್ಲರಿನಲ್ಲಿ ಅದರ ಶಕ್ತಿ ಅಷ್ಟು ದಿನ ನಿಲ್ಲುವುದಿಲ್ಲ. ಅಂದಿನಿಂದ ಪ್ರತಿದಿನವೂ ಸ್ವಲ್ಪ ಸ್ವಲ್ಪವಾಗಿ, ಬೇರೆಯಾಗಿ ಹಾಕುತ್ತಿದ್ದೇನೆ. ಎಷ್ಟು, ಯಾವುದರಲ್ಲಿ ಕಲಸಿ, ದಿನದ ಯಾವ ಹೊತ್ತಿನಲ್ಲಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ವರ್ಷ ತೆತ್ತು ಕಲಿತದ್ದು ಅದು, ಶೆಡ್ಡಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ. ಆ ಆಗಸ್ಟಿನ ನಂತರ ನಮ್ಮ ಎಂಜಿನ್ ಒಮ್ಮೆಯೂ ನೀರು ಉಗುಳಿಲ್ಲ. ಈಗ ಟಿಡಿಎಸ್ ಹದಿನೈದು ಸಾವಿರದ ಆಸುಪಾಸಿನಲ್ಲಿದೆ, ಪಿಎಚ್ ಹನ್ನೊಂದೂವರೆ ದಾಟಿದೆ, ನೀರಿನ ಬಣ್ಣ ಕಷಾಯದಂತಿದೆ.

ಕಷ್ಟಗಳೂ ಇವೆ. ಅಷ್ಟು ಕ್ಷಾರಕ್ಕೆ ಗೇಜ್ ಗ್ಲಾಸಿನ ಒಳಮೈ ತಿಂದುಹೋಗುತ್ತದೆ, ಹಿಂದಿಗಿಂತ ಎರಡು ಪಟ್ಟು ಬೇಗ ಬದಲಾಯಿಸಬೇಕು. ಹಿತ್ತಾಳೆಯ ಕಾಕುಗಳ ಪ್ಯಾಕಿಂಗಿನಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಸೋರುತ್ತದೆ.

ಟ್ಯಾನಿನ್ ವಿಷಯದಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆ. ನೀರಿನಲ್ಲಿನ ಆಮ್ಲಜನಕವನ್ನು ಹೀರಲು ನಾವು ಕೊಳ್ಳುವ ಟ್ಯಾನಿನ್ ಮರದ ಸಾರದಿಂದ ಬರುತ್ತದೆ. ನಮ್ಮ ಊರಿನ ಚರ್ಮ ಹದಮಾಡುವವರು ಬಳಸುತ್ತಿದ್ದ ಅಳಲೆಕಾಯಿಯಲ್ಲೂ ಅದು ತುಂಬ ಇದೆ. ಭಾರತೀಯ ಅಂಗಡಿಯಿಂದ ಅಳಲೆಕಾಯಿ ಪುಡಿ ತಂದು, ಎರಡು ಬಾಟಲಿಗಳಲ್ಲಿ ಉಜ್ಜಿದ ಮೊಳೆಗಳನ್ನು ಹಾಕಿ, ಒಂದರಲ್ಲಿ ಬರಿಯ ಕ್ಷಾರದ ನೀರನ್ನೂ ಇನ್ನೊಂದರಲ್ಲಿ ಅದಕ್ಕೆ ಸೋಸಿದ ಅಳಲೆ ಕಷಾಯವನ್ನೂ ಸೇರಿಸಿ ಚಳಿಗಾಲವಿಡೀ ಇಟ್ಟೆ. ಕಷಾಯದಲ್ಲಿದ್ದ ಮೊಳೆಗಳು ಕಪ್ಪಾಗಿ ನಯವಾಗಿ ಉಳಿದವು, ಇನ್ನೊಂದು ಬಾಟಲಿಯವಕ್ಕೆ ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಆದರೆ ಎಷ್ಟು ಸೋಸಿದರೂ ತಳದಲ್ಲಿ ನಾರು ಕೂರುತ್ತದೆ, ಬಾಯ್ಲರಿಗೆ ನೀರು ನುಗ್ಗಿಸುವ ಇಂಜೆಕ್ಟರಿನ ಕೋನಿಗೆ ಅದು ಸಿಕ್ಕಿದರೆ ಕೆಲಸ ಕೆಟ್ಟಂತೆ. ಹಾಗಾಗಿ ಬಾಯ್ಲರಿಗೆ ಹಾಕಲಿಲ್ಲ.

ಹಣದ ಲೆಕ್ಕ ಹೀಗಿದೆ. ಔಷಧಿಗೆ ವರ್ಷಕ್ಕೆ ಹಿಂದೆ ನಾನೂರು ಪೌಂಡ್ ಆಗುತ್ತಿದ್ದದ್ದು ಈಗ ಆರುನೂರರ ಹತ್ತಿರ. ವಾಷ್‌ಔಟ್ ಹಂಗಾಮಿಗೆ ಐದಾರು ಇದ್ದದ್ದು, ತಪಾಸಣಾಧಿಕಾರಿಗಳ ಲಿಖಿತ ಒಪ್ಪಿಗೆಯ ಮೇಲೆ, ಎರಡಕ್ಕೆ ಇಳಿದಿದೆ. ಒಂದು ವಾಷ್‌ಔಟ್ ಎಂದರೆ ತಣಿಸಿ ತೊಳೆದು ಮತ್ತೆ ತಣ್ಣನೆಯ ಬಾಯ್ಲರನ್ನು ಕಾಯಿಸುವುದು: ಇಬ್ಬರ ಎರಡು ದಿನ, ಅರ್ಧ ಟನ್ನಿನಷ್ಟು ಕಲ್ಲಿದ್ದಲು. ವೇಲ್ಸ್‌ನ ಫೋಸ್-ಅ-ವ್ರಾನ್ ಗಣಿ 2023ರ ನವೆಂಬರಿನಲ್ಲಿ ನಿಂತ ಮೇಲೆ ದೂರದ ದೇಶದ ಕಲ್ಲಿದ್ದಲಿಗೆ ಟನ್ನಿಗೆ ನಾನೂರು ಪೌಂಡಿನ ಮೇಲೆ ಕೊಡುತ್ತಿರುವ ನಮಗೆ ಅದು ಸಣ್ಣ ಮಾತಲ್ಲ. ಬ್ಲೋಡೌನಿನಲ್ಲಿ ಚೆಲ್ಲಿಹೋಗುತ್ತಿದ್ದ ಬಿಸಿನೀರೂ ಉಳಿಯಿತು. ಎಲ್ಲ ಸೇರಿ ವರ್ಷಕ್ಕೆ ಮೂರು ಟನ್ ಉಳಿತಾಯವೆಂದು ನನ್ನ ಅಂದಾಜು.

ಎರಡನೆಯ ಎಂಜಿನ್ನಿಗೆ ಏಪ್ರಿಲಿನಲ್ಲಿ ಶುರು ಮಾಡಿದೆವು. ಕಳೆದ ಶನಿವಾರ ಮೂರನೆಯ ವಾಷ್‌ಔಟ್ ಮುಗಿಯಿತು. ಎರಡೂವರೆ ಬಕೆಟ್ ಚಕ್ಕೆ ಬಂತು, ಫೈರ್‌ಬಾಕ್ಸಿನ ಎಡಬದಿಯಲ್ಲಿ ನಾಲ್ಕು ಸ್ಟೇಗಳು ಜಿನುಗುತ್ತಿವೆ. ಹಿರಿಯ ಫಿಟ್ಟರ್ ಅವುಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟಿದ್ದಾರೆ.